ಕಲ್ಲು ನಿಲ್ಲಿಸಿದವರು ಹೋದ ಮೇಲೆ

ಉತ್ತರ ಫ್ರಾನ್ಸಿನಲ್ಲಿ ಪೆರೊನ್ ಅಂತ ಒಂದು ಪಟ್ಟಣವಿದೆ. ಅದರ ಪಕ್ಕದ ದಿಬ್ಬದ ಮೇಲಿರುವ ಹಳ್ಳಿ ಮಾಂಟ್ ಸೇಂಟ್ ಕ್ವೆಂಟಿನ್. 1918ರ ಆಗಸ್ಟ್ ಕೊನೆಯಲ್ಲಿ ಆಸ್ಟ್ರೇಲಿಯಾದ 2ನೇ ಡಿವಿಷನ್ನಿನ ಸೈನಿಕರು ಈ ದಿಬ್ಬವನ್ನು ಜರ್ಮನ್ನರ ಕೈಯಿಂದ ಕಿತ್ತುಕೊಂಡರು. ಯುದ್ಧ ಮುಗಿದ ಮೇಲೆ ತಮ್ಮ ಸ್ಮಾರಕಕ್ಕೂ ಅದೇ ಜಾಗವನ್ನು ಆರಿಸಿಕೊಂಡರು.

1925ರಲ್ಲಿ ಅಲ್ಲಿ ಒಂದು ಕಂಚಿನ ಪ್ರತಿಮೆ ನಿಂತಿತು. ಒಬ್ಬ ಆಸ್ಟ್ರೇಲಿಯನ್ ಸೈನಿಕ. ಅವನ ಕಾಲ ಬಳಿ ಒಂದು ಹದ್ದು. ಬಂದೂಕಿನ ತುದಿಯ ಬಾಯೊನೆಟ್ಟಿನಿಂದ ಅವನು ಆ ಹದ್ದನ್ನು ತಿವಿಯುತ್ತಿದ್ದಾನೆ. ಹದ್ದು ಅಂದರೆ ಜರ್ಮನಿ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1940ರಲ್ಲಿ ಜರ್ಮನ್ ಸೇನೆ ಮತ್ತೆ ಅದೇ ದಾರಿಯಲ್ಲಿ ಬಂತು. ಪ್ರತಿಮೆಯನ್ನು ಕಿತ್ತು ಹಾಳು ಮಾಡಿತು. ಸುಮಾರು 30 ವರ್ಷ ಅಲ್ಲಿ ಪ್ರತಿಮೆಯೇ ಇರಲಿಲ್ಲ. 1971ರಲ್ಲಿ ಹೊಸದೊಂದು ಬಂತು. ಇವನೂ ಆಸ್ಟ್ರೇಲಿಯಾದ ಸೈನಿಕನೇ. ಆದರೆ ಈಗ ಹದ್ದಿಲ್ಲ, ತಿವಿತವಿಲ್ಲ. ಬಂದೂಕು ಹೆಗಲಿಗೆ ಹಾಕಿಕೊಂಡು ಸುಮ್ನೆ ನಿಂತಿದ್ದಾನೆ.

ಡಿವಿಷನ್ ಅದೇ, ದಿಬ್ಬ ಅದೇ, ಮಡಿದವರೂ ಅವರೇ. ಆದರೂ ಎರಡು ಪ್ರತಿಮೆಗಳು ಹೇಳುವ ಮಾತು ಬೇರೆ ಬೇರೆ. ಮೊದಲನೆಯದನ್ನು ನಿಲ್ಲಿಸಿದವರ ಮೈಯಲ್ಲಿ ಇನ್ನೂ ಯುದ್ಧದ ಬಿಸಿ ಇತ್ತು. ಎರಡನೆಯದು ಬರುವ ಹೊತ್ತಿಗೆ ಆ ಸೈನಿಕರಲ್ಲಿ ಉಳಿದವರು ಅಜ್ಜಂದಿರಾಗಿದ್ದರು, ಇನ್ನೊಂದು ಮಹಾಯುದ್ಧವೂ ಆಗಿಹೋಗಿತ್ತು.

ಸೇನಾ ಡಿವಿಷನ್‌ಗಳ ಸ್ಮಾರಕಗಳ ಬಗ್ಗೆ ಈಗ ಜಗತ್ತಿನ ಹಲವು ಕಡೆ ಜಗಳ, ಚರ್ಚೆ, ದುರಸ್ತಿ, ತೆರವು ಎಲ್ಲವೂ ನಡೆಯುತ್ತಿದೆ. ಸುದ್ದಿಯಲ್ಲಿ ಒಂದೊಂದೂ ಬಿಡಿ ಬಿಡಿಯಾಗಿ ಕಾಣುತ್ತದೆ. ನನಗೆ ಅವೆಲ್ಲದರ ಬೇರು ಒಂದೇ ಅನಿಸುತ್ತದೆ. ಈ ಕಲ್ಲುಗಳನ್ನು ನಿಲ್ಲಿಸಿದವರು ಆ ಸೈನಿಕರೇ. ಅವರು ಬದುಕಿರುವ ತನಕ ಕಲ್ಲು ಅವರದ್ದು. ಅದರ ಅರ್ಥ ಏನು ಅಂತ ಅವರೇ ಹೇಳುತ್ತಿದ್ದರು, ಹುಲ್ಲು ಬೆಳೆದರೆ ಅವರೇ ಕೀಳಿಸುತ್ತಿದ್ದರು. ಈಗ ಅವರು ಹೊರಟು ಹೋಗುತ್ತಿದ್ದಾರೆ. ಇನ್ನು ಮುಂದೆ ಆ ಕಲ್ಲು ಯಾರದ್ದು?

ಮೊದಲು ಡಿವಿಷನ್ ಅಂದರೆ ಏನು ಅಂತ ನೋಡೋಣ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಸಾವಿರ ಜನರ ಪಡೆ ಅದು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಡಿವಿಷನ್‌ಗಳಲ್ಲಂತೂ ಸುಮಾರು 28 ಸಾವಿರ ಜನ ಇರುತ್ತಿದ್ದರು. ಕಾಲಾಳುಗಳು, ಫಿರಂಗಿಯವರು, ಎಂಜಿನಿಯರುಗಳು, ವೈದ್ಯರು, ಅಡುಗೆಯವರು, ಸಾಮಾನು ಸಾಗಿಸುವವರು ಎಲ್ಲರೂ ಒಂದೇ ಗುರುತಿನ ಕೆಳಗೆ. ತಾನಾಗಿಯೇ ಒಂದು ಯುದ್ಧ ಮಾಡಬಲ್ಲ ಪುಟ್ಟ ಊರು ಅಂದುಕೊಳ್ಳಿ. ಸೈನಿಕನಿಗೆ ಇಡೀ ಸೇನೆ ತೀರಾ ದೊಡ್ಡದು, ಅದು ಸರ್ಕಾರದ ಹಾಗೆ ದೂರದಲ್ಲಿರುತ್ತದೆ. ಅವನ ತುಕಡಿ ತೀರಾ ಚಿಕ್ಕದು, ಒಂದೇ ದಿನದ ಕದನದಲ್ಲಿ ಅಳಿಸಿ ಹೋಗಬಹುದು. ಎರಡರ ನಡುವೆ ‘ನಮ್ಮದು’ ಅಂತ ಹೇಳಿಕೊಳ್ಳಲು ಸಿಗುವ ದೊಡ್ಡ ಗುಂಪು ಡಿವಿಷನ್. ತೋಳಿನ ಮೇಲೆ ಹೊಲಿದ ಬಿಲ್ಲೆ ಅದರದ್ದು. ಐವತ್ತು ವರ್ಷ ಆದ ಮೇಲೂ ಇಬ್ಬರು ಮುದುಕರು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಆ ಬಿಲ್ಲೆಯಿಂದ.

ಯುದ್ಧ ಮುಗಿದು ಮನೆಗೆ ಬಂದವರು ಸಂಘ ಕಟ್ಟಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಸೇರುತ್ತಾರೆ. ಬರದೇ ಹೋದವರ ನೆನಪು ಎದೆ ಕೊರೆಯುತ್ತದೆ. ಚಂದಾ ಎತ್ತುತ್ತಾರೆ, ಶಿಲ್ಪಿಯನ್ನು ಹುಡುಕುತ್ತಾರೆ. ಡಿವಿಷನ್ ಸ್ಮಾರಕಗಳು ಬಹುಪಾಲು ಹುಟ್ಟಿದ್ದು ಹೀಗೆ. ಅಂದರೆ ಇವು ರಾಜರೋ ಮಂತ್ರಿಗಳೋ ತಮ್ಮ ಹೆಸರಿಗೆ ಕಟ್ಟಿಸಿಕೊಂಡವಲ್ಲ. ಬದುಕಿ ಬಂದವರು ಸತ್ತವರಿಗೆ ತೀರಿಸಿದ ಋಣ. ಈ ಮಾತನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಕೆಲವು ಸ್ಮಾರಕಗಳ ಬಗ್ಗೆ ಕಟುವಾಗಿ ಬರೆಯಬೇಕಾಗುತ್ತದೆ. ಆಗಲೂ ಈ ದುಃಖ ನಿಜ ಅನ್ನುವುದನ್ನು ನಾನು ಮರೆತಿಲ್ಲ.

1924ರ ಅಕ್ಟೋಬರ್ 4ರಂದು ಎರಡು ಡಿವಿಷನ್ ಸ್ಮಾರಕಗಳು ಒಂದೇ ದಿನ ಅನಾವರಣವಾದವು. ಒಂದು ವಾಷಿಂಗ್ಟನ್ನಿನಲ್ಲಿ, ಇನ್ನೊಂದು ಲಂಡನ್ನಿನಲ್ಲಿ. ವಾಷಿಂಗ್ಟನ್ನಿನದ್ದು ಅಮೆರಿಕದ 1ನೇ ಡಿವಿಷನ್ನಿನದ್ದು. ಶ್ವೇತಭವನದ ಹತ್ತಿರ ಗ್ರಾನೈಟಿನ ಎತ್ತರದ ಕಂಬ, ಅದರ ತುದಿಯಲ್ಲಿ ಚಿನ್ನದ ಬಣ್ಣದ ವಿಜಯದೇವಿ. ವಿನ್ಯಾಸ ಕ್ಯಾಸ್ ಗಿಲ್ಬರ್ಟ್ ಅವರದ್ದು, ಮೂರ್ತಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರದ್ದು. ಅಧ್ಯಕ್ಷ ಕೂಲಿಜ್ ಬಂದು ಭಾಷಣ ಮಾಡಿದರು. ಕಂಬದ ಬುಡದಲ್ಲಿ ಮಡಿದ 5,516 ಜನರ ಹೆಸರುಗಳಿವೆ.

ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನಲ್ಲಿ ನಿಂತದ್ದು ಬ್ರಿಟನ್ನಿನ 24ನೇ ಡಿವಿಷನ್ನಿನ ಸ್ಮಾರಕ. ಕೆತ್ತಿದವರು ಎರಿಕ್ ಕೆನ್ನಿಂಗ್ಟನ್. ಅಲ್ಲಿ ದೇವಿಯಿಲ್ಲ, ಎತ್ತರದ ಕಂಬವಿಲ್ಲ. ಮೂವರು ಸೈನಿಕರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದಾರೆ. ತಲೆಗೆ ಕಬ್ಬಿಣದ ಟೋಪಿ, ಮೈಮೇಲೆ ಹೊರೆ. ಕಾಲ ಬಳಿ ಸುತ್ತಿಕೊಂಡ ಒಂದು ಹಾವು. ಮುಖದಲ್ಲಿ ಗೆದ್ದ ಸಂತೋಷ ಕಾಣುವುದಿಲ್ಲ. ಮುಂದಿನ ಹೆಜ್ಜೆ ಇಡಬೇಕು, ಪಕ್ಕದವನ ಕೈ ಬಿಡಬಾರದು, ಅಷ್ಟೇ.

ಒಂದೇ ದಿನ, ಒಂದೇ ಯುದ್ಧ. ಒಬ್ಬರು ಗೆಲುವನ್ನು ಎತ್ತರಕ್ಕೆ ಏರಿಸಿದರು, ಇನ್ನೊಬ್ಬರು ಒಡನಾಟವನ್ನು ನಮ್ಮ ಕಣ್ಣಿನ ಹತ್ತಿರಕ್ಕೆ ತಂದರು. ನನಗೆ ಬ್ಯಾಟರ್‌ಸೀಯ ಮೂವರೇ ಹೆಚ್ಚು ಇಷ್ಟ. ಆದರೆ ಬುಡದಲ್ಲಿರುವ ಆ 5,516 ಹೆಸರುಗಳ ಮುಂದೆ ಯಾವ ಶಿಲ್ಪವೂ ಚಿಕ್ಕದೇ. ತನ್ನ ಮಗನ ಹೆಸರನ್ನು ಬೆರಳಲ್ಲಿ ಮುಟ್ಟಿ ನೋಡಿದ ತಾಯಿಗೆ ಮೇಲೆ ಯಾವ ದೇವಿ ಇದ್ದಾಳೆ ಅನ್ನುವುದು ಬೇಕಿರಲಿಲ್ಲ, ಅಲ್ವಾ?

ವಾಷಿಂಗ್ಟನ್ನಿನ ಕಂಬದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಡಿವಿಷನ್ ಮತ್ತೆ ಯುದ್ಧಕ್ಕೆ ಹೋಯಿತು. 1957ರಲ್ಲಿ ಎರಡನೇ ಮಹಾಯುದ್ಧದ ಹೆಸರುಗಳಿಗಾಗಿ ಒಂದು ಪಕ್ಕಕ್ಕೆ ಹೊಸ ಭಾಗ ಸೇರಿತು. ಅದನ್ನು ವಿನ್ಯಾಸ ಮಾಡಿದ್ದು ಕ್ಯಾಸ್ ಗಿಲ್ಬರ್ಟ್ ಅವರ ಮಗ. 1977ರಲ್ಲಿ ವಿಯೆಟ್ನಾಂ ಯುದ್ಧದ್ದು ಇನ್ನೊಂದು ಪಕ್ಕಕ್ಕೆ ಬಂತು. 1995ರಲ್ಲಿ ಕೊಲ್ಲಿ ಯುದ್ಧದ ಫಲಕ. ಸ್ವಲ್ಪ ದೂರದಲ್ಲೇ 2ನೇ ಡಿವಿಷನ್ನಿನ ಸ್ಮಾರಕವಿದೆ. ಬಾಗಿಲಿನಂಥ ಚೌಕಟ್ಟು, ಅದಕ್ಕೆ ಅಡ್ಡವಾಗಿ ಉರಿಯುವ ಖಡ್ಗ ಹಿಡಿದ ಚಿನ್ನದ ಬಣ್ಣದ ಕೈ. ಪ್ಯಾರಿಸ್ಸಿನ ಬಾಗಿಲಲ್ಲಿ ಜರ್ಮನ್ನರನ್ನು ತಡೆದೆವು ಅನ್ನುವುದು ಅದರ ಮಾತು. 1936ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಅದನ್ನು ಅನಾವರಣ ಮಾಡಿದರು. ಅದಕ್ಕೂ 1962ರಲ್ಲಿ ಎರಡು ಪಕ್ಕೆಗಳು ಸೇರಿದವು. ಒಂದು ಎರಡನೇ ಮಹಾಯುದ್ಧಕ್ಕೆ, ಇನ್ನೊಂದು ಕೊರಿಯಾಕ್ಕೆ.

ಮೊದಲು ಕಟ್ಟಿದವರು ಇದೇ ಕೊನೆಯ ಯುದ್ಧ ಅಂದುಕೊಂಡಿದ್ದರೋ ಏನೋ. ಒಂದು ಯುದ್ಧಕ್ಕೆ ಅಂತ ಮಾಡಿದ ಅಂಗಿಗೆ ಮತ್ತೆ ಮತ್ತೆ ತೋಳು ಜೋಡಿಸಿದ ಹಾಗಾಗಿದೆ. ವಿಜಯದೇವಿಯ ಕೆಳಗೆ ವಿಯೆಟ್ನಾಂನಲ್ಲಿ ಸತ್ತ ಹುಡುಗರ ಹೆಸರು ಇರುವುದು ಕೆಲವರಿಗೆ ಹೊಂದಿಕೆ ಇಲ್ಲದ ಮಾತು ಅನಿಸಬಹುದು. ನಾನು ಹಾಗೆ ನೋಡುವುದಿಲ್ಲ. ಆ ಹುಡುಗರ ತೋಳಿನ ಮೇಲೂ ಅದೇ ಬಿಲ್ಲೆ ಇತ್ತು. ಯುದ್ಧ ಸರಿಯೋ ತಪ್ಪೋ ಅನ್ನುವುದು ಅವರನ್ನು ಕಳಿಸಿದವರಿಗೆ ಕೇಳಬೇಕಾದ ಪ್ರಶ್ನೆ.

ಈಗ ಪಾಲನೆಯ ಮಾತಿಗೆ ಬರೋಣ. ಇದು ಸುದ್ದಿಯಾಗುವುದು ಕಡಿಮೆ, ಆದರೆ ತಲೆಬಿಸಿ ಜಾಸ್ತಿ ಇರುವುದು ಇಲ್ಲೇ.

ಮೊದಲನೇ ಮಹಾಯುದ್ಧ ಮುಗಿದ ಕೂಡಲೇ ಅಮೆರಿಕದ ಸೈನಿಕರು ಯುರೋಪಿನಲ್ಲಿ ತಮಗೆ ತೋಚಿದ ಕಡೆ ಸ್ಮಾರಕ ನಿಲ್ಲಿಸತೊಡಗಿದರು. ಕೆಲವು ಅವಸರದಲ್ಲಿ ಕಟ್ಟಿದವು. ಕೆಲವು ಕಡೆ ಬರೆದ ವಿವರವೇ ತಪ್ಪು. ಕೆಲವಕ್ಕೆ ನೆಲದ ಹಕ್ಕೇ ಸರಿಯಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಯೋಚನೆ ಇರಲಿಲ್ಲ. ಇದನ್ನು ಹತೋಟಿಗೆ ತರಲೆಂದೇ 1923ರಲ್ಲಿ ಅಮೆರಿಕನ್ ಬ್ಯಾಟಲ್ ಮಾನ್ಯುಮೆಂಟ್ಸ್ ಕಮಿಷನ್ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜನರಲ್ ಪರ್ಶಿಂಗ್, ಯುದ್ಧದಲ್ಲಿ ಆ ಸೈನಿಕರನ್ನೆಲ್ಲ ಮುನ್ನಡೆಸಿದ್ದವರೇ. ಹೊರದೇಶದಲ್ಲಿ ಸ್ಮಾರಕ ಕಟ್ಟುವುದಿದ್ದರೆ ಎಲ್ಲಿ, ಹೇಗೆ, ಏನು ಬರೆಯಬೇಕು ಅನ್ನುವುದನ್ನು ಆ ಸಂಸ್ಥೆ ನೋಡಿ ಒಪ್ಪಬೇಕಾಯಿತು. ಸಂಘಗಳು ಕಟ್ಟಿ ಬಿಟ್ಟುಹೋದ ಸ್ಮಾರಕಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವೂ ಅದಕ್ಕಿದೆ. ನೋಡಿಕೊಳ್ಳುವವರೇ ಇಲ್ಲದಿದ್ದರೆ ಆಯಾ ದೇಶದ ಒಪ್ಪಿಗೆ ಪಡೆದು ಬಿಚ್ಚಿಹಾಕುವ ಅಧಿಕಾರವೂ ಇದೆ. ಸಂಘವೊಂದು ಮುಚ್ಚುವ ಮುಂಚೆ ಹಣ ಒಪ್ಪಿಸಿ ಪಾಲನೆಯ ಹೊಣೆ ವಹಿಸುವ ವ್ಯವಸ್ಥೆಯೂ ಉಂಟು.

ಬಿಚ್ಚಿಹಾಕುವುದು ಅಂದಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಆದರೆ ಮುರಿದು ಬಿದ್ದು, ಮುಳ್ಳುಗಂಟಿ ಬೆಳೆದು, ಹೆಸರು ಅಳಿಸಿಹೋದ ಸ್ಮಾರಕ ಸತ್ತವನಿಗೆ ಗೌರವವಲ್ಲ. ಅದು ಅವನನ್ನು ಮರೆತಿದ್ದೇವೆ ಅನ್ನುವುದಕ್ಕೆ ಬಯಲಲ್ಲಿ ನಿಂತ ಸಾಕ್ಷಿ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿಯೂ ಅದೇ 1923ರಲ್ಲಿ ಒಂದು ಕಾನೂನು ಬಂತು. ಊರಿನ ಆಡಳಿತಗಳು ಯುದ್ಧ ಸ್ಮಾರಕಗಳ ಪಾಲನೆಗೆ ಹಣ ಖರ್ಚು ಮಾಡಬಹುದು ಅಂತ ಅದು ಹೇಳುತ್ತದೆ. ಗಮನಿಸಿ, ಮಾಡಬಹುದು ಅಂತ. ಮಾಡಲೇಬೇಕು ಅಂತಲ್ಲ. ಈ ಒಂದು ಪದದ ಸಂದಿನಲ್ಲಿ ಎಷ್ಟೋ ಸ್ಮಾರಕಗಳು ಸೊರಗಿವೆ. ಕಟ್ಟಿದ ಸಮಿತಿ ಯಾವತ್ತೋ ಬರಖಾಸ್ತಾಗಿದೆ. ಜಾಗ ಯಾರದ್ದು ಅಂತ ಕಾಗದ ಸಿಗುವುದಿಲ್ಲ. ಇದನ್ನು ಕಂಡೇ 1997ರಲ್ಲಿ ಅಲ್ಲಿ ವಾರ್ ಮೆಮೋರಿಯಲ್ಸ್ ಟ್ರಸ್ಟ್ ಶುರುವಾಯಿತು. ಶುರು ಮಾಡಿದವರು ಒಬ್ಬ ಮಾಜಿ ನೌಕಾ ಯೋಧ.

ಪಾಲನೆ ಅಂದರೆ ಹಣ ಮಾತ್ರ ಅಲ್ಲ, ತಿಳಿವಳಿಕೆಯೂ ಬೇಕು. ಒಂದು ಸುಣ್ಣಕಲ್ಲಿನ ಫಲಕವನ್ನೇ ತೆಗೆದುಕೊಳ್ಳಿ. ಮಳೆ ನೀರಿನಲ್ಲಿರುವ ಆಮ್ಲ ಅದರ ಮೈಯನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಅಕ್ಷರದ ಅಂಚು ಮೊಂಡಾಗುತ್ತದೆ. ಕೊರೆದ ಗೆರೆಯೊಳಗೆ ಪಾಚಿ ಕೂರುತ್ತದೆ. ಯಾರೋ ಒಳ್ಳೇ ಮನಸ್ಸಿನವರು ಬರುತ್ತಾರೆ, ಸಮಾರಂಭ ಹತ್ತಿರವಿದೆ ಅಂತ ವೈರ್ ಬ್ರಷ್ ಹಿಡಿದು ಉಜ್ಜುತ್ತಾರೆ. ಕಲ್ಲು ಬೆಳ್ಳಗಾಗುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಆದರೆ ಪಾಚಿಯ ಜೊತೆ ಕಲ್ಲಿನ ಮೇಲ್ಪದರವೂ ಹೋಗಿರುತ್ತದೆ. ಗೀಚಿದ ಮೈಯಲ್ಲಿ ನೀರು ಇನ್ನೂ ಬೇಗ ನಿಲ್ಲುತ್ತದೆ, ಮುಂದಿನ ಪಾಚಿ ಇನ್ನೂ ಬೇಗ ಬರುತ್ತದೆ. ಹೀಗೆ ನಾಲ್ಕು ಸಲ ಉಜ್ಜಿದರೆ ಹೆಸರನ್ನು ಓದಲು ಬೆಳಕನ್ನು ಓರೆಯಾಗಿ ಬಿಡಬೇಕಾಗುತ್ತದೆ. ಮೆತ್ತನೆಯ ಬ್ರಷ್ಷು, ಬರೀ ನೀರು, ತಾಳ್ಮೆ, ಬಹಳಷ್ಟು ಸಲ ಇಷ್ಟೇ ಸಾಕು. ಕಂಚಿನ ಫಲಕಗಳ ಕಷ್ಟ ಬೇರೆ. ಅವು ಮಳೆಗಿಂತ ಹೆಚ್ಚಾಗಿ ಲೋಹ ಕದಿಯುವವರಿಗೆ ಹೆದರಬೇಕು. ಹೆಸರುಗಳಿರುವ ಫಲಕವನ್ನೇ ಕಿತ್ತುಕೊಂಡು ಹೋಗಿ ತೂಕಕ್ಕೆ ಮಾರುತ್ತಾರೆ.

ಹೊಸ ಸ್ಮಾರಕಕ್ಕೂ ಇದು ತಪ್ಪಿದ್ದಲ್ಲ. ಫ್ರಾನ್ಸಿನ ಮಮೆಟ್ಜ್ ಕಾಡಿನಲ್ಲಿ 1916ರ ಜುಲೈನಲ್ಲಿ ವೇಲ್ಸ್ ಪ್ರಾಂತ್ಯದ 38ನೇ ಡಿವಿಷನ್ ಐದಾರು ದಿನಗಳಲ್ಲಿ ಸುಮಾರು 4,000 ಜನರನ್ನು ಕಳೆದುಕೊಂಡಿತು, ಸತ್ತವರು ಗಾಯಗೊಂಡವರು ಸೇರಿ. ಆದರೂ ಆ ಕಾಡಿನೆದುರು ಅವರದ್ದೇ ಆದ ದೊಡ್ಡ ಸ್ಮಾರಕ ಬಂದದ್ದು 1987ರಲ್ಲಿ. ಕಬ್ಬಿಣದ ಕೆಂಪು ಡ್ರ್ಯಾಗನ್ ಕಾಡಿನ ಕಡೆ ಮುಖ ಮಾಡಿ ಮುಳ್ಳುತಂತಿಯನ್ನು ಹರಿಯುತ್ತಿದೆ. ಡೇವಿಡ್ ಪೀಟರ್ಸನ್ ಮಾಡಿದ್ದು. 71 ವರ್ಷ ಕಾದು ಬಂದ ಸ್ಮಾರಕ ಅದು. ಯುದ್ಧದ ನೂರನೇ ವರ್ಷ ಹತ್ತಿರವಾದಾಗ ಅದನ್ನೂ ರಿಪೇರಿ ಮಾಡಬೇಕಾಯಿತು. ಮೂವತ್ತು ವರ್ಷವೂ ಆಗಿರಲಿಲ್ಲ.

ಲಂಡನ್ನಿನ ರಾಯಲ್ ನೇವಲ್ ಡಿವಿಷನ್ನಿನ ಸ್ಮಾರಕ ಕಾರಂಜಿಯ ಕಥೆಯನ್ನೂ ಇಲ್ಲೇ ಹೇಳಬೇಕು. ಲಟ್ಯೆನ್ಸ್ ವಿನ್ಯಾಸ ಮಾಡಿದ ಅದು 1925ರ ಏಪ್ರಿಲ್ 25ರಂದು, ಟರ್ಕಿಯ ಗ್ಯಾಲಿಪೊಲಿಯಲ್ಲಿ ಸೈನಿಕರು ಯುದ್ಧಕ್ಕೆ ಇಳಿದ ಹತ್ತನೇ ವರ್ಷದ ದಿನ, ಹಾರ್ಸ್ ಗಾರ್ಡ್ಸ್ ಬಳಿ ಅನಾವರಣವಾಯಿತು. ಎರಡನೇ ಮಹಾಯುದ್ಧ ಶುರುವಾದಾಗ ಅಲ್ಲಿ ನೌಕಾಪಡೆಗೆ ಬಾಂಬು ತಡೆಯುವ ಕಟ್ಟಡ ಬೇಕಾಯಿತು. ಸ್ಮಾರಕವನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿದರು. 1951ರಲ್ಲಿ ಗ್ರೀನಿಚ್‌ನಲ್ಲಿ ಮತ್ತೆ ನಿಲ್ಲಿಸಿದರು. 2003ರಲ್ಲಿ ಹಳೆಯ ಜಾಗಕ್ಕೆ ವಾಪಸ್ ಬಂತು. ಅದನ್ನು ಚಂದಾ ಎತ್ತಿ ಕಟ್ಟಿದವರಲ್ಲಿ ಬಹುತೇಕರು ಆ ವಾಪಸಾತಿಯನ್ನು ನೋಡಲು ಉಳಿದಿರಲಿಲ್ಲ. ಬೇರೆಯವರು ಅವರ ಕೆಲಸವನ್ನು ತಮ್ಮದು ಮಾಡಿಕೊಂಡಿದ್ದರಿಂದ ಅದು ಆಯಿತು.

ಈಗ ಎರಡನೇ ಮಹಾಯುದ್ಧದವರ ಸರದಿ. ಅಮೆರಿಕದಲ್ಲಿ ಆ ಯುದ್ಧದಲ್ಲಿ ಸೇವೆ ಮಾಡಿದವರು 1 ಕೋಟಿ 60 ಲಕ್ಷಕ್ಕೂ ಹೆಚ್ಚು. 2024ರ ಲೆಕ್ಕದಲ್ಲಿ ಉಳಿದವರು ಸುಮಾರು 66 ಸಾವಿರ. ಅವರಲ್ಲಿ ನೂರರ ಆಸುಪಾಸಿನವರೇ ಹೆಚ್ಚು. ಡಿವಿಷನ್ ಈಗಲೂ ಸೇನೆಯಲ್ಲಿದ್ದರೆ ಸಂಘಕ್ಕೆ ಹೊಸ ರಕ್ತ ಬರುತ್ತದೆ. 1ನೇ ಡಿವಿಷನ್ನಿಗೆ ಆ ಭಾಗ್ಯವಿದೆ. ಯುದ್ಧಕ್ಕೆಂದೇ ಕಟ್ಟಿ ಯುದ್ಧ ಮುಗಿದ ಮೇಲೆ ಬರಖಾಸ್ತು ಮಾಡಿದ ಡಿವಿಷನ್ನಿಗೆ ಮಕ್ಕಳು, ಮೊಮ್ಮಕ್ಕಳು ಬಿಟ್ಟರೆ ಬೇರೆ ಯಾರೂ ಇಲ್ಲ.

ಇಷ್ಟೊತ್ತು ಸ್ಮಾರಕ ಇರುವವರ ಕಷ್ಟ ಹೇಳಿದೆ. ಸ್ಮಾರಕವೇ ಇಲ್ಲದವರೂ ಇದ್ದಾರಲ್ಲ? ಚಂದಾ ಎತ್ತಿ ಕಟ್ಟುವ ಪದ್ಧತಿಯಲ್ಲಿ ಒಂದು ದೊಡ್ಡ ಅನ್ಯಾಯ ಅಡಗಿದೆ. ಹಣ, ಸಂಘ, ಸರ್ಕಾರದಲ್ಲಿ ಮಾತು ನಡೆಯುವ ಜನ, ಇಷ್ಟು ಇದ್ದವರ ಹೆಸರು ಮಾತ್ರ ಕಲ್ಲಿಗೆ ಏರುತ್ತದೆ.

1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ, ಕುತ್‌ನಲ್ಲಿ ಬ್ರಿಟಿಷ್ ಭಾರತದ ಸೇನೆಯ 6ನೇ ಪೂನಾ ಡಿವಿಷನ್ ತುರ್ಕರಿಗೆ ಶರಣಾಯಿತು. ಸುಮಾರು ಐದು ತಿಂಗಳ ಮುತ್ತಿಗೆ, ಹಸಿವು, ರೋಗ. ಆಮೇಲೆ ಸೆರೆಯ ದಾರಿಯಲ್ಲಿ ನಡೆದು ಸತ್ತವರು ಸಾವಿರಾರು. ಮೆಸೊಪೊಟೇಮಿಯಾದಲ್ಲಿ ಮಡಿದು ಸಮಾಧಿ ಗೊತ್ತಿಲ್ಲದವರಿಗಾಗಿ ಬಾಸ್ರಾದಲ್ಲಿ ದೊಡ್ಡ ಸ್ಮಾರಕ ಎದ್ದಿತು. 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ. ಆದರೆ ಅದರ ಗೋಡೆಯಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರು ಕೊರೆಯಲಿಲ್ಲ. ರೆಜಿಮೆಂಟಿನ ಹೆಸರು, ಅದರ ಕೆಳಗೆ ಇಷ್ಟು ಜನ ಅಂತ ಒಂದು ಸಂಖ್ಯೆ. 1997ರಲ್ಲಿ ಆ ಇಡೀ ಸ್ಮಾರಕವನ್ನೇ ಊರ ಹೊರಗೆ ಮರಳುಗಾಡಿಗೆ ಸಾಗಿಸಲಾಯಿತು.

ಫ್ರಾನ್ಸಿನಲ್ಲಿ ಹಾಗಾಗಲಿಲ್ಲ. 1915ರ ಮಾರ್ಚ್‌ನಲ್ಲಿ ಮೀರತ್ ಮತ್ತು ಲಾಹೋರ್ ಡಿವಿಷನ್‌ಗಳ ಸೈನಿಕರು ಹೋರಾಡಿದ ನವ್ ಶಾಪೆಲ್‌ನಲ್ಲಿ 1927ರಲ್ಲಿ ಸ್ಮಾರಕ ಬಂತು. ಅಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಯುರೋಪಿನಲ್ಲಿ ಸತ್ತರೆ ಹೆಸರು, ಏಷ್ಯಾದಲ್ಲೋ ಆಫ್ರಿಕಾದಲ್ಲೋ ಸತ್ತರೆ ಸಂಖ್ಯೆ. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ತನ್ನದೇ ವರದಿಯಲ್ಲಿ ಇದನ್ನು ಒಪ್ಪಿಕೊಂಡಿತು. ಮೊದಲನೇ ಮಹಾಯುದ್ಧದಲ್ಲಿ ಮಡಿದವರಲ್ಲಿ 45 ಸಾವಿರದಿಂದ 54 ಸಾವಿರ ಜನರನ್ನು ಉಳಿದವರಿಗೆ ಸಮನಾಗಿ ನೆನೆದಿಲ್ಲ ಅಂತ ಹೇಳಿತು. ಕಡಿಮೆ ಅಂದರೂ ಇನ್ನೂ 1 ಲಕ್ಷ 16 ಸಾವಿರ ಜನರಿಗೆ ಹೆಸರು ಹಿಡಿದು ಸ್ಮರಣೆಯೇ ಇಲ್ಲ ಅಂತಲೂ ಹೇಳಿತು. ಆ ಸಂಖ್ಯೆ ಮೂರೂವರೆ ಲಕ್ಷದ ತನಕ ಇರಬಹುದು. ಕ್ಷಮೆ ಕೇಳಿ ಹೆಸರುಗಳನ್ನು ಹುಡುಕುವ ಕೆಲಸ ಶುರು ಮಾಡಿದೆ. ಸ್ಮಾರಕಗಳ ಬಗ್ಗೆ ಈಗ ನಡೆಯುತ್ತಿರುವ ಕೆಲಸಗಳಲ್ಲಿ ನನಗೆ ತೀರಾ ಮುಖ್ಯ ಅನಿಸುವುದು ಇದೇ.

ಅಮೆರಿಕದೊಳಗೂ ಈ ಭೇದ ಇತ್ತು. 93ನೇ ಡಿವಿಷನ್ನಿನ ಕಪ್ಪು ವರ್ಣದ ಸೈನಿಕರ ರೆಜಿಮೆಂಟುಗಳನ್ನು ಅಮೆರಿಕದ ಸೇನೆ ಫ್ರೆಂಚರಿಗೆ ಒಪ್ಪಿಸಿಬಿಟ್ಟಿತ್ತು. ಅದರಲ್ಲಿ 371ನೇ ರೆಜಿಮೆಂಟಿನವರು ಫ್ರಾನ್ಸಿನ ಆರ್ಡೊಯ್ ಹಳ್ಳಿಯ ಹತ್ತಿರ, ತಾವು ಹೋರಾಡಿದ ದಿಬ್ಬದಲ್ಲಿ ಒಂದು ಕಲ್ಲಿನ ಕಂಬ ನಿಲ್ಲಿಸಿದರು. ಅದರ ಮೇಲೆ ಮಡಿದವರ ಹೆಸರುಗಳಿವೆ. ಎರಡನೇ ಮಹಾಯುದ್ಧದಲ್ಲಿ ಶೆಲ್ ಬಿದ್ದು ಅದರ ತುದಿ ಮುರಿಯಿತು. ಹೊಲಗಳ ನಡುವೆ ಅದು ಮುರಿದ ತಲೆಯಲ್ಲೇ ನಿಂತಿದೆ. ಅಲ್ಲೇ ಹೋರಾಡಿ ಸತ್ತ ಫ್ರೆಡ್ಡಿ ಸ್ಟೋವರ್ಸ್‌ಗೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿದ್ದು 1991ರಲ್ಲಿ, ಸತ್ತ 73 ವರ್ಷಕ್ಕೆ. ವಯಸ್ಸಾದ ತಂಗಿಯರು ಅದನ್ನು ಪಡೆದುಕೊಂಡರು.

ಐರ್ಲೆಂಡಿನ 16ನೇ ಡಿವಿಷನ್ನಿನವರದ್ದು ಮತ್ತೊಂದು ಬಗೆಯ ನೋವು. ಬ್ರಿಟನ್ನಿನ ಸಮವಸ್ತ್ರದಲ್ಲಿ ಹೋರಾಡಿ ಮನೆಗೆ ಬಂದರೆ ಮನೆ ಸ್ವತಂತ್ರ ದೇಶವಾಗುವ ದಾರಿಯಲ್ಲಿತ್ತು. ಅವರ ಕಥೆ ಯಾರಿಗೂ ಬೇಡವಾಯಿತು. ಅತ್ತ ಉತ್ತರದ 36ನೇ ಅಲ್ಸ್ಟರ್ ಡಿವಿಷನ್ನಿಗೆ 1921ರಲ್ಲೇ ಫ್ರಾನ್ಸಿನ ಥಿಯೆಪ್ವಾಲ್ ಬಳಿ ಗೋಪುರ ಎದ್ದಿತ್ತು. ಒಂದೇ ದ್ವೀಪದ ಇಬ್ಬರನ್ನೂ ಒಟ್ಟಿಗೆ ನೆನೆಯುವ ಜಾಗ ಬೆಲ್ಜಿಯಂನ ಮೆಸೀನ್‌ನಲ್ಲಿ ತೆರೆದದ್ದು 1998ರಲ್ಲಿ, ಉತ್ತರ ಐರ್ಲೆಂಡಿನಲ್ಲಿ ಶಾಂತಿ ಒಪ್ಪಂದವಾದ ವರ್ಷವೇ. ಐರ್ಲೆಂಡಿನ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಮತ್ತು ಬ್ರಿಟನ್ನಿನ ರಾಣಿ ಎಲಿಜಬೆತ್ ಒಟ್ಟಿಗೆ ನಿಂತರು. ಸತ್ತವರು ಒಟ್ಟಾಗಲು 80 ವರ್ಷ ಬೇಕಾಯಿತು.

ಇನ್ನು ಕಷ್ಟದ ಮಾತು. ಎಲ್ಲ ಡಿವಿಷನ್ನಿಗೂ ಸ್ಮಾರಕ ಇರಬೇಕಾ?

ಕೆನಡಾದ ಓಕ್ವಿಲ್‌ನ ಉಕ್ರೇನಿಯನ್ ಸ್ಮಶಾನವೊಂದರಲ್ಲಿ ಒಂದು ಸ್ಮಾರಕವಿತ್ತು. ಅದರ ಮೇಲಿದ್ದ ಲಾಂಛನ ಹಿಟ್ಲರನ ನಾಝಿ ಪಕ್ಷದ ಸಶಸ್ತ್ರ ಪಡೆ ವಾಫೆನ್ ಎಸ್ಎಸ್‌ನ 14ನೇ ಗಲೀಷಿಯಾ ಡಿವಿಷನ್ನಿನದ್ದು. ಆ ಡಿವಿಷನ್ನಿನಲ್ಲಿದ್ದ ಉಕ್ರೇನಿಯನ್ನರು ಯುದ್ಧದ ನಂತರ ಕೆನಡಾಕ್ಕೆ ಬಂದು ನೆಲೆಸಿದ್ದರು. 2020ರಲ್ಲಿ ಯಾರೋ ಅದರ ಮೇಲೆ ಇದು ನಾಝಿ ಸ್ಮಾರಕ ಅಂತ ಬಣ್ಣದಲ್ಲಿ ಬರೆದರು. ಪೊಲೀಸರು ಅದನ್ನು ದ್ವೇಷದ ಅಪರಾಧ ಅಂತ ತನಿಖೆಗೆ ತೆಗೆದುಕೊಂಡರು, ಆಮೇಲೆ ಹಿಂದೆ ಸರಿದರು. 2023ರ ಸೆಪ್ಟೆಂಬರಿನಲ್ಲಿ ಕೆನಡಾದ ಸಂಸತ್ತಿನಲ್ಲಿ ಇದೇ ಡಿವಿಷನ್ನಿನ ವೃದ್ಧರೊಬ್ಬರಿಗೆ ಸದಸ್ಯರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಹಿನ್ನೆಲೆ ಗೊತ್ತಾದ ಮೇಲೆ ದೊಡ್ಡ ಗಲಾಟೆಯಾಗಿ ಸ್ಪೀಕರ್ ರಾಜೀನಾಮೆ ಕೊಟ್ಟರು. 2024ರ ಮಾರ್ಚ್‌ನಲ್ಲಿ ಓಕ್ವಿಲ್‌ನ ಸ್ಮಾರಕವನ್ನು ತೆಗೆದರು. ಬೆಲ್ಜಿಯಂನ ಝೆಡೆಲ್ಗೆಮ್‌ನಲ್ಲೂ ಹೀಗೇ ಆಯಿತು. ಜರ್ಮನಿಯ ಪರವಾಗಿ ಹೋರಾಡಿ ಅಲ್ಲಿ ಯುದ್ಧ ಕೈದಿಗಳಾಗಿದ್ದ ಲಾಟ್ವಿಯನ್ನರ ನೆನಪಿಗೆ 2018ರಲ್ಲಿ ನಿಲ್ಲಿಸಿದ್ದನ್ನು 2022ರಲ್ಲಿ ತೆರವು ಮಾಡಿದರು.

ಸ್ಮಾರಕದ ಪರವಾಗಿ ನಿಂತವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸ್ಟಾಲಿನ್ನನ ಕೈಯಲ್ಲಿ ನರಳಿದ ಜನ ಅವರು. ನಾವು ಹೋರಾಡಿದ್ದು ಸೋವಿಯತ್ತಿನ ವಿರುದ್ಧ, ಹಿಟ್ಲರನಿಗಾಗಿ ಅಲ್ಲ ಅನ್ನುತ್ತಾರೆ. ದೇಶದಲ್ಲಿದ್ದ ಯುದ್ಧಾಪರಾಧಿಗಳ ಬಗ್ಗೆ ತನಿಖೆ ಮಾಡಿದ ಕೆನಡಾದ ಡಶೆನ್ ಆಯೋಗ 1986ರಲ್ಲಿ ಆ ಡಿವಿಷನ್ನಿನವರನ್ನೆಲ್ಲ ಒಟ್ಟಾಗಿ ಅಪರಾಧಿಗಳು ಅನ್ನಲಾಗದು ಅಂತ ಹೇಳಿದ್ದೂ ನಿಜ. ಆದರೆ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ವಾಫೆನ್ ಎಸ್ಎಸ್ಸನ್ನು ಅಪರಾಧಿ ಸಂಘಟನೆ ಅಂತ ಘೋಷಿಸಿದ್ದೂ ಅಷ್ಟೇ ನಿಜ. ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಬೇಕು. ಒಬ್ಬ ಮನುಷ್ಯನ ಸಮಾಧಿ ಬೇರೆ, ಡಿವಿಷನ್ನಿನ ಸ್ಮಾರಕ ಬೇರೆ. ಸಮಾಧಿ ಅವನ ಮನೆಯವರದ್ದು. ಅಲ್ಲಿ ಅಳುವ ಹಕ್ಕನ್ನು ಯಾರೂ ಕಸಿಯಬಾರದು. ಡಿವಿಷನ್ ಸ್ಮಾರಕ ಲಾಂಛನವನ್ನು ಎತ್ತಿ ಹಿಡಿಯುತ್ತದೆ. ಆ ಪಡೆ ಯಾತಕ್ಕಾಗಿ ಇತ್ತೋ ಅದನ್ನೂ ಸೇರಿಸಿ ಗೌರವಿಸಿ ಅಂತ ದಾರಿಹೋಕರನ್ನು ಕೇಳುತ್ತದೆ. ಎಸ್ಎಸ್ ಲಾಂಛನಕ್ಕೆ ಆ ಗೌರವ ಸಲ್ಲಬಾರದು. ಓಕ್ವಿಲ್‌ನಲ್ಲಿ ಅದನ್ನು ತೆಗೆದದ್ದು ಸರಿ.

ಹಾಗಂತ ತಪ್ಪು ಕಂಡ ಕಡೆಯಲ್ಲೆಲ್ಲ ಕೀಳುವುದೂ ಪರಿಹಾರವಲ್ಲ. ಮಾಸ್ಕೋ ಹತ್ತಿರ ದುಬೊಸೆಕೊವೊದಲ್ಲಿ ಆರು ಸೈನಿಕರ ದೈತ್ಯ ಮೂರ್ತಿಗಳಿವೆ, 1975ರದ್ದು. 1941ರ ನವೆಂಬರಿನಲ್ಲಿ 316ನೇ ರೈಫಲ್ ಡಿವಿಷನ್ನಿನ 28 ಜನ ಜರ್ಮನ್ ಟ್ಯಾಂಕುಗಳನ್ನು ತಡೆದು ಎಲ್ಲರೂ ಪ್ರಾಣ ಕೊಟ್ಟರು ಅನ್ನುವ ಕಥೆಯ ಸ್ಮಾರಕ. ಆ ಕಥೆಯನ್ನು ಪತ್ರಿಕೆಯವರು ಕಟ್ಟಿದ್ದು ಅಂತ 1948ರಲ್ಲೇ ಸೇನಾ ಪ್ರಾಸಿಕ್ಯೂಟರ್ ತನಿಖೆಯಲ್ಲಿ ಗೊತ್ತಾಗಿತ್ತು. ಸತ್ತರು ಅಂದವರಲ್ಲಿ ಕೆಲವರು ಬದುಕಿದ್ದರು. ವರದಿಯನ್ನು ಮುಚ್ಚಿಟ್ಟರು. 2015ರಲ್ಲಿ ರಷ್ಯಾದ ರಾಜ್ಯ ಪತ್ರಾಗಾರದ ನಿರ್ದೇಶಕ ಸೆರ್ಗೇಯ್ ಮಿರೊನೆಂಕೊ ಅದನ್ನು ಬಹಿರಂಗ ಮಾಡಿದರು. ಮರುವರ್ಷ ಅವರು ನಿರ್ದೇಶಕರ ಹುದ್ದೆಯಲ್ಲಿ ಇರಲಿಲ್ಲ.

ಇದರಲ್ಲಿ ಯಾರಿಗೆ ನಷ್ಟ ಅಂತ ಯೋಚಿಸಿ. ಆ ಡಿವಿಷನ್ ಮಾಸ್ಕೋದ ದಾರಿಯಲ್ಲಿ ನಿಜಕ್ಕೂ ಹೋರಾಡಿತ್ತು. ಕಝಾಕ್, ಕಿರ್ಗಿಜ್, ರಷ್ಯನ್ ಹುಡುಗರು ನೂರಾರು ಜನ ಸತ್ತರು. ಅದರ ಕಮಾಂಡರ್ ಪನ್ಫಿಲೊವ್ ಅದೇ ನವೆಂಬರ್ 18ರಂದು ಮಡಿದರು. ಅಷ್ಟು ಜನರ ನಿಜವಾದ ಸಾವನ್ನು 28 ಜನರ ಕಟ್ಟುಕಥೆ ಮುಚ್ಚಿಹಾಕಿತು. ಆ ಮೂರ್ತಿಗಳನ್ನು ಉರುಳಿಸುವುದು ಬೇಡ. ಪಕ್ಕದಲ್ಲಿ ಒಂದು ಫಲಕ ಸಾಕು. ಇಡೀ ಡಿವಿಷನ್ನಿನ ಕಥೆ, ತನಿಖೆಯಲ್ಲಿ ಸಿಕ್ಕ ಸತ್ಯ, ಎರಡನ್ನೂ ಬರೆಯಲಿ.

ಕಲ್ಲಿನ ಹೊರಗೂ ಸ್ಮಾರಕಗಳಿವೆ. ಅಮೆರಿಕದ 10ನೇ ಮೌಂಟನ್ ಡಿವಿಷನ್ ಹಿಮದಲ್ಲಿ, ಸ್ಕೀ ಕಟ್ಟಿಕೊಂಡು ಕಾದಾಡಲು ತರಬೇತಿ ಪಡೆದ ಪಡೆ. ಕೊಲೊರಾಡೊದ ಕ್ಯಾಂಪ್ ಹೇಲ್‌ನಲ್ಲಿ ತರಬೇತಿ, ಆಮೇಲೆ ಇಟಲಿಯ ಬೆಟ್ಟಗಳಲ್ಲಿ ಯುದ್ಧ. ಕೊಲೊರಾಡೊದ ಟೆನೆಸಿ ಪಾಸ್‌ನಲ್ಲಿ 1959ರಿಂದ ಅವರ ಹೆಸರಿನ ಕಲ್ಲಿದೆ. ಆದರೆ ಆ ಡಿವಿಷನ್ನಿನ ಫ್ರಿಟ್ಜ್ ಬೆನೆಡಿಕ್ಟ್ ಎಂಬ ವಾಸ್ತುಶಿಲ್ಪಿ 1980ರ ದಶಕದಲ್ಲಿ ಬೇರೆ ಒಂದು ಕೆಲಸ ಶುರು ಮಾಡಿದರು. ತಾವು ತರಬೇತಿ ಪಡೆದ ಬೆಟ್ಟಗಳಲ್ಲಿ ಸಾಲಾಗಿ ಗುಡಿಸಲುಗಳನ್ನು ಕಟ್ಟಿಸುವುದು. ಹಿಮದಲ್ಲಿ ದಣಿದು ಬಂದವರು ಅಲ್ಲಿ ಒಲೆ ಹಚ್ಚಿ, ಹಿಮ ಕರಗಿಸಿ ನೀರು ಮಾಡಿಕೊಂಡು, ರಾತ್ರಿ ಕಳೆಯುತ್ತಾರೆ. ಆ ಗುಡಿಸಲುಗಳ ಸಾಲಿಗೆ ಡಿವಿಷನ್ನಿನದ್ದೇ ಹೆಸರು. ಇಲ್ಲಿ ಪಾಲನೆಯ ಸಮಸ್ಯೆ ತಾನಾಗಿಯೇ ಹಗುರಾಗುತ್ತದೆ. ಚಾವಣಿ ಸೋರಿದರೆ ಮಲಗುವವನಿಗೆ ಮೊದಲು ಗೊತ್ತಾಗುತ್ತದೆ. 2022ರಲ್ಲಿ ಕ್ಯಾಂಪ್ ಹೇಲ್ ಪ್ರದೇಶವೂ ರಾಷ್ಟ್ರೀಯ ಸ್ಮಾರಕವಾಯಿತು.

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಕೊಹಿಮಾದ್ದು. 1944ರ ಏಪ್ರಿಲ್‌ನಿಂದ ಜೂನ್ ತನಕ ನಾಗಾ ಬೆಟ್ಟದಲ್ಲಿ ಜಪಾನಿನ 31ನೇ ಡಿವಿಷನ್ನಿನ ಎದುರು ನಡೆದ ಕದನದಲ್ಲಿ ಬ್ರಿಟನ್ನಿನ 2ನೇ ಡಿವಿಷನ್ ತನ್ನ ಬಹಳ ಜನರನ್ನು ಕಳೆದುಕೊಂಡಿತು. ಅವರ ಸ್ಮಾರಕ ಅಲ್ಲಿನ ಸ್ಮಶಾನದಲ್ಲಿದೆ. ನಾಗಾ ಜನ ನಿಲ್ಲಿಸುವ ಕಲ್ಲಿನ ಹಾಗೆ ಎತ್ತರದ ಒಂದೇ ಒಂದು ಕಲ್ಲು. ನೀವು ಮನೆಗೆ ಹೋದಾಗ ನಮ್ಮ ಬಗ್ಗೆ ಹೇಳಿ, ನಿಮ್ಮ ನಾಳೆಗಾಗಿ ನಾವು ನಮ್ಮ ಈ ದಿನವನ್ನು ಕೊಟ್ಟೆವು ಅನ್ನುವ ಮಾತು ಅದರ ಮೇಲಿದೆ. ಒಂದು ಡಿವಿಷನ್ನಿನ ಕಲ್ಲಿನ ಮೇಲಿದ್ದ ಮಾತು ಈಗ ಎಷ್ಟೋ ದೇಶಗಳಲ್ಲಿ, ಎಷ್ಟೋ ಸಮಾರಂಭಗಳಲ್ಲಿ ಕೇಳಿಸುತ್ತದೆ.

ಅದೇ ಸ್ಮಶಾನದಲ್ಲಿ 917 ಹಿಂದೂ ಮತ್ತು ಸಿಖ್ ಸೈನಿಕರನ್ನು ನೆನೆಯುವ ದಹನ ಸ್ಮಾರಕವೂ ಇದೆ. ಆದರೆ ಕದನದಲ್ಲಿ ಗಾಯಾಳುಗಳನ್ನು ಹೊತ್ತು ತಂದ, ದಾರಿ ತೋರಿಸಿದ, ಊರನ್ನೇ ಕಳೆದುಕೊಂಡ ನಾಗಾ ಜನರ ಋಣ ಕಲ್ಲಿನಿಂದ ತೀರುವಂಥದ್ದಾಗಿರಲಿಲ್ಲ. ಕದನ ನಡೆದ 60ನೇ ವರ್ಷ, 2004ರಲ್ಲಿ, ಅಲ್ಲಿ ಹೋರಾಡಿದ್ದ ಬ್ರಿಟಿಷ್ ಮಾಜಿ ಸೈನಿಕರು ಕೊಹಿಮಾ ಎಜುಕೇಷನಲ್ ಟ್ರಸ್ಟ್ ಶುರು ಮಾಡಿದರು. ನಾಗಾ ಮಕ್ಕಳ ಓದಿಗೆ ನೆರವಾಗಲು. 1944ರಲ್ಲಿ ಇಪ್ಪತ್ತು ದಾಟಿದ್ದ ಆ ಹುಡುಗರು ಆಗ ಎಂಬತ್ತು ದಾಟಿದ್ದರು.